ಶಾಲೆ ಬಿಟ್ಟರೂ ಓದು ಬಿಡಲಿಲ್ಲ: ಡಾ. ಮುತ್ತುಲಕ್ಷ್ಮಿ ರೆಡ್ಡಿ ಡಾಕ್ಟರಾದ ಕಥೆ

ಬಳ್ಳಾರಿ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ಸಾಕು, ಗಾಂಧಿನಗರದಿಂದ ಹಿಡಿದು ಸಿರುಗುಪ್ಪ, ಕುರುಗೋಡುವರೆಗೆ ಎಲ್ಲಾ ಕಡೆ ಒಂದೇ ಮಾತು. ಸೈನ್ಸ್ ಕೊಡಿಸೋದಾ, ಕಾಮರ್ಸ್ ಕೊಡಿಸೋದಾ? ಊರಲ್ಲೇ ಪಿಯುಸಿನಾ, ಹಾಸ್ಟೆಲ್ಲಾ? ನೀಟ್ ಕೋಚಿಂಗ್‌ಗೆ ದುಡ್ಡು ಎಲ್ಲಿಂದ ತರೋದು? ಅಂಗಡಿ ಗಲ್ಲಾದ ಮೇಲೆ ಕೂತವರೂ, ಭತ್ತ ಮಾರಿ ಬಂದವರೂ ಇದೇ ಲೆಕ್ಕ ಹಾಕ್ತಾರೆ. ಮಗಳ ವಿಷಯ ಬಂದಾಗ ಮಾತ್ರ ಈ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕ ಸೇರ್ಕೊಳ್ಳುತ್ತೆ. ಅದು ಮದುವೆ ಲೆಕ್ಕ.

ನೂರಿಪ್ಪತ್ತು ವರ್ಷದ ಹಿಂದೆ ಇದೇ ಎರಡು ಲೆಕ್ಕದ ನಡುವೆ ಸಿಕ್ಕಿಕೊಂಡಿದ್ದ ಒಬ್ಬ ಹುಡುಗಿ ಡಾಕ್ಟರ್ ಆದರು. ಆಮೇಲೆ ನಮ್ಮ ಬಳ್ಳಾರಿ ಜಿಲ್ಲೆಗೂ ಅನ್ವಯಿಸಿದ ಕಾನೂನಿಗೆ ಕಾರಣರಾದರು. ಅವರೇ ಡಾ. ಮುತ್ತುಲಕ್ಷ್ಮಿ ರೆಡ್ಡಿ. ಹೆಸರು ಕೇಳಿದವರು ಅವರನ್ನ ತಮಿಳುನಾಡಿನವರು ಅಂತ ಪಕ್ಕಕ್ಕಿಡ್ತಾರೆ. ಆದರೆ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ಆಡಳಿತದ ಕೆಳಗೇ ಇತ್ತು. ಮದ್ರಾಸ್‌ನಲ್ಲಿ ಆದ ಕಾನೂನೇ ನಮ್ಮ ಅಜ್ಜ ಅಜ್ಜಿಯರಿಗೂ ಕಾನೂನು. ಹಂಗಾಗಿ ಈ ಕಥೆ ನಮಗೂ ಸೇರಿದ್ದು.

ಹದಿಮೂರಕ್ಕೆ ನಿಂತ ಶಾಲೆ

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಪುದುಕೋಟೆ ಅನ್ನೋ ಸಣ್ಣ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಿಂದ ಬಂದವರು. ಆಕೆಯನ್ನ ಕೈಹಿಡಿದಿದ್ದಕ್ಕೆ ಅಯ್ಯರ್ ಅವರನ್ನ ಅವರ ಮನೆಯವರೇ ದೂರ ಇಟ್ಟರು. ಮನೆಯಲ್ಲಿ ವಿದ್ಯೆ ಇತ್ತು, ಊರಲ್ಲಿ ಮಾತ್ರ ತಾಯಿ ಕಡೆಯ ಹಿನ್ನೆಲೆ ಹಿಡಿದು ಬೊಟ್ಟು ತೋರಿಸೋರು ಇದ್ದರು.

ಹುಡುಗಿ ಓದಿನಲ್ಲಿ ಚುರುಕು. ಆದರೆ ಮೈನೆರೆದ ಮೇಲೆ ಹೆಣ್ಣುಮಕ್ಕಳು ಶಾಲೆಗೆ ಹೋಗೋ ರೂಢಿ ಆಗ ಇರಲಿಲ್ಲ. ಸುಮಾರು ಹದಿಮೂರನೇ ವಯಸ್ಸಿಗೆ ಮುತ್ತುಲಕ್ಷ್ಮಿಯ ಶಾಲೆಯೂ ನಿಂತಿತು. ತಾಯಿಗೆ ಮದುವೆ ಮಾಡಿ ಮುಗಿಸೋ ಆಸೆ, ಆ ಕಾಲದ ಯಾವ ತಾಯಿಗಾದರೂ ಇರೋ ಆಸೆನೇ. ಮಗಳಿಗೆ ಓದೋ ಆಸೆ. ತಂದೆ ಮಗಳ ಕಡೆ ನಿಂತರು. ಶಾಲೆಗೆ ಕಳಿಸೋಕೆ ಆಗದಿದ್ದರೂ ಪುಸ್ತಕ ಕಸಿದುಕೊಳ್ಳಲಿಲ್ಲ, ಮನೆಯಲ್ಲೇ ಪಾಠದ ವ್ಯವಸ್ಥೆ ಮಾಡಿದರು. 1902ರಲ್ಲಿ ಮುತ್ತುಲಕ್ಷ್ಮಿ ಮೆಟ್ರಿಕ್ ಪಾಸಾದರು.

ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದು. ಮೆಡಿಕಲ್ ಕಾಲೇಜು ಇನ್ನೂ ಐದು ವರ್ಷ ದೂರ ಇತ್ತು. ಹದಿಮೂರಕ್ಕೆ ಮದುವೆ ಆಗಿಹೋಗಿದ್ದರೆ ಆ ಐದು ವರ್ಷದ ಮಾತೇ ಬರ್ತಿರಲಿಲ್ಲ.

ಗಂಡುಮಕ್ಕಳ ಕಾಲೇಜಲ್ಲಿ ಒಬ್ಬಳೇ ಹುಡುಗಿ

ಮೆಟ್ರಿಕ್ ಆದಮೇಲೆ ಮುಂದೇನು ಅನ್ನೋ ಪ್ರಶ್ನೆ ಬಂತು. ಪುದುಕೋಟೆಯಲ್ಲಿ ಇದ್ದಿದ್ದು ಒಂದೇ ಕಾಲೇಜು, ಮಹಾರಾಜಾ ಕಾಲೇಜು. ಅದು ಗಂಡುಮಕ್ಕಳದ್ದು. ಮುತ್ತುಲಕ್ಷ್ಮಿ ಅರ್ಜಿ ಹಾಕಿದರು. ಊರಲ್ಲಿ ಗದ್ದಲ ಆಯ್ತು. ಹುಡುಗಿ ಬಂದರೆ ಹುಡುಗರು ಕೆಡ್ತಾರೆ ಅಂದರು, ತಾಯಿಯ ಹಿನ್ನೆಲೆ ಎತ್ತಿ ಆಡಿದರು, ತಮ್ಮ ಮಕ್ಕಳನ್ನ ಬಿಡಿಸ್ತೀವಿ ಅಂತ ಹೆದರಿಸಿದರು. ಕೊನೆಗೆ ವಿಷಯ ರಾಜ ಮಾರ್ತಾಂಡ ಭೈರವ ತೊಂಡೈಮಾನ್ ಅವರ ಹತ್ತಿರ ಹೋಯ್ತು. ಅವರು ವಿರೋಧಕ್ಕೆ ಸೊಪ್ಪು ಹಾಕದೆ ಸೇರಿಸ್ಕೊಳ್ಳಿ ಅಂತ ಆದೇಶ ಮಾಡಿದರು, ಸ್ಕಾಲರ್‌ಶಿಪ್ಪನ್ನೂ ಕೊಟ್ಟರು.

ಸೀಟು ಸಿಕ್ಕರೂ ಸುಖ ಇರಲಿಲ್ಲ. ಮುಚ್ಚಿದ ಗಾಡಿಯಲ್ಲಿ ಕಾಲೇಜಿಗೆ ಹೋಗಬೇಕು, ಕ್ಲಾಸಲ್ಲಿ ಪರದೆ ಹಿಂದೆ ಕೂತು ಪಾಠ ಕೇಳಬೇಕು. ಜೊತೆಗೆ ಆರೋಗ್ಯವೂ ಗಟ್ಟಿ ಇರಲಿಲ್ಲ, ಕಣ್ಣೂ ಮಂದ. ಆದರೂ ಪರದೆ ಹಿಂದಿನಿಂದಲೇ ಪಾಸಾಗಿ ಬಂದರು.

ಮದ್ರಾಸ್ ಮೆಡಿಕಲ್ ಕಾಲೇಜು

1907ರಲ್ಲಿ ಮುತ್ತುಲಕ್ಷ್ಮಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಇಡೀ ಪ್ರಾಂತ್ಯಕ್ಕೆ ಡಾಕ್ಟರ್ ಡಿಗ್ರಿ ಓದಿಸೋ ಕಾಲೇಜು ಆಗ ಅದೊಂದೇ. ನಮ್ಮ ಬಳ್ಳಾರಿಯವರು ಡಾಕ್ಟರ್ ಆಗಬೇಕಂದರೂ ಗುಂತಕಲ್ ದಾಟಿ ರೈಲಲ್ಲಿ ಅಲ್ಲಿಗೇ ಹೋಗಬೇಕಿತ್ತು.

ಅವರನ್ನ ಭಾರತದ ಮೊದಲ ಮಹಿಳಾ ಡಾಕ್ಟರ್ ಅಂತ ಕೆಲವರು ಬರೀತಾರೆ. ಅದು ಸರಿಯಲ್ಲ. ಮದ್ರಾಸ್ ಕಾಲೇಜು 1875ರಲ್ಲೇ ಮಹಿಳೆಯರಿಗೆ ಬಾಗಿಲು ತೆರೆದಿತ್ತು. ಕಲ್ಕತ್ತಾದ ಕಾದಂಬಿನಿ ಗಂಗೂಲಿ, ಪುಣೆ ಕಡೆಯ ಆನಂದಿಬಾಯಿ ಜೋಶಿ ಇವರಿಗಿಂತ ಮುಂಚಿನವರು. ಆದರೆ ಆಪರೇಷನ್ ವಿಭಾಗ ಹೆಣ್ಣುಮಕ್ಕಳಿಗಲ್ಲ ಅನ್ನೋ ಭಾವನೆ ಆಗಲೂ ಗಟ್ಟಿಯಾಗಿತ್ತು. ಶಸ್ತ್ರಚಿಕಿತ್ಸೆ ಪ್ರೊಫೆಸರ್ ಕರ್ನಲ್ ಗಿಫರ್ಡ್ ಅವರೂ ತಮ್ಮ ಕ್ಲಾಸಿಗೆ ಹುಡುಗಿಯರನ್ನ ಬಿಡ್ತಿರಲಿಲ್ಲ. ಮುತ್ತುಲಕ್ಷ್ಮಿ ಅದೇ ವಿಷಯದಲ್ಲಿ ಒಳ್ಳೇ ಅಂಕ ತೆಗೆದ ಮೇಲೆ ಅವರ ಮನಸ್ಸು ಬದಲಾಯ್ತು. 1912ರಲ್ಲಿ ಡಿಗ್ರಿ, ಜೊತೆಗೆ ಚಿನ್ನದ ಪದಕಗಳು. ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೊದಲ ಮಹಿಳಾ ಹೌಸ್ ಸರ್ಜನ್ ಆದರು.

ಮದುವೆ ಆಯ್ತು, ಆದರೆ ಅವರ ಷರತ್ತಿನ ಮೇಲೆ ಆಯ್ತು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನ ಮದುವೆಯಾಗುವಾಗ, ತನ್ನನ್ನ ಸಮಾನವಾಗಿ ಕಾಣಬೇಕು, ಕೆಲಸಕ್ಕೆ ಅಡ್ಡ ಬರಬಾರದು ಅಂತ ಮೊದಲೇ ಒಪ್ಪಿಸಿಕೊಂಡಿದ್ದರು. ಆಗ ಅವರ ವಯಸ್ಸು ಇಪ್ಪತ್ತೇಳು.

ನಮ್ಮ ಜಿಲ್ಲೆಗೂ ಬಂದ ಕಾನೂನು

1927ರಲ್ಲಿ ಮುತ್ತುಲಕ್ಷ್ಮಿ ಮದ್ರಾಸ್ ವಿಧಾನ ಪರಿಷತ್ತಿಗೆ ನೇಮಕವಾದರು, ಅಲ್ಲಿನ ಉಪಾಧ್ಯಕ್ಷೆಯೂ ಆದರು. ಡಾಕ್ಟರಾಗಿ ಕಣ್ಣಾರೆ ಕಂಡಿದ್ದನ್ನೇ ಅಲ್ಲಿ ಮಾತಾಡಿದರು. ಬಾಲ್ಯವಿವಾಹ, ಬಸುರಿ ಬಾಣಂತಿಯರ ಸಾವು, ಮಕ್ಕಳ ಆಸ್ಪತ್ರೆ, ಶಾಲಾ ಮಕ್ಕಳ ಆರೋಗ್ಯ ತಪಾಸಣೆ. ಎಲ್ಲಕ್ಕಿಂತ ಹೆಚ್ಚಾಗಿ, ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನ ಬಿಡೋ ಪದ್ಧತಿ ನಿಲ್ಲಬೇಕು ಅಂತ ಹಟ ಹಿಡಿದರು. ಅವರ ತಾಯಿ ಬಂದ ಮನೆತನದ ನೋವು ಅದು. ಗಾಂಧೀಜಿ ಬಂಧನವಾದಾಗ 1930ರಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಹೋರಾಟ ಬಿಡಲಿಲ್ಲ. ಅದೇ ಹೊತ್ತಿಗೆ ದಿಕ್ಕಿಲ್ಲದೆ ಬಂದ ಹೆಣ್ಣುಮಕ್ಕಳಿಗೆ ಆಸರೆಯಾಗಿ ಅವ್ವೈ ಹೋಮ್ ಶುರುಮಾಡಿದರು.

1947ರಲ್ಲಿ ಮದ್ರಾಸ್ ದೇವದಾಸಿ ತಡೆ ಕಾನೂನು ಆಯ್ತು. ಬಸವಿ ಬಿಡೋದು, ಮುತ್ತು ಕಟ್ಟೋದು ಅಂದರೆ ಏನು ಅಂತ ನಮ್ಮ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಕಾನೂನು ಆಗ ಬಳ್ಳಾರಿಗೂ ಬಂತು. ಆಮೇಲೆ ಕರ್ನಾಟಕವೇ 1982ರಲ್ಲಿ ತನ್ನದೇ ಕಾನೂನು ಮಾಡಬೇಕಾಯ್ತು ಅಂದರೆ ಆ ಪದ್ಧತಿಯ ಬೇರು ಎಷ್ಟು ಆಳ ಇತ್ತು ಅಂತ ಲೆಕ್ಕ ಹಾಕಿ.

ತಂಗಿಯನ್ನ ಕ್ಯಾನ್ಸರ್‌ಗೆ ಕಳಕೊಂಡ ನೋವು ಅವರನ್ನ ಕೊನೆವರೆಗೂ ಬಿಡಲಿಲ್ಲ. ಇಂಗ್ಲೆಂಡಿಗೆ ಹೋದಾಗ ಆ ಕಾಯಿಲೆ ಬಗ್ಗೆಯೂ ಕಲಿತು ಬಂದರು. 1954ರಲ್ಲಿ ಅಡಯಾರ್ ಕ್ಯಾನ್ಸರ್ ಆಸ್ಪತ್ರೆ ಶುರುವಾಯ್ತು, ಅದು ಇವತ್ತಿಗೂ ನಡೀತಿದೆ. 1956ರಲ್ಲಿ ಪದ್ಮಭೂಷಣ ಬಂತು. 1968ರ ಜುಲೈ 22ರಂದು ತೀರಿಕೊಂಡಾಗ ಅವರಿಗೆ 81 ವರ್ಷ.

ಈಗ ನಮ್ಮ ಮನೆ ಲೆಕ್ಕ

ಇವತ್ತು ಪರದೆ ಇಲ್ಲ, ಮುಚ್ಚಿದ ಗಾಡಿ ಇಲ್ಲ. ರಾಜರ ಆದೇಶಕ್ಕೆ ಕಾಯಬೇಕಿಲ್ಲ. ಜನ ವಿಮ್ಸ್ ಅಂತ ಕರೆಯೋ ಸರ್ಕಾರಿ ಮೆಡಿಕಲ್ ಕಾಲೇಜು 1961ರಿಂದ ಬಳ್ಳಾರಿಯಲ್ಲೇ ಇದೆ. 371(ಜೆ) ಅಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70% ಸೀಟು ಈ ಭಾಗದವರಿಗೆ, ರಾಜ್ಯದ ಉಳಿದ ಕಡೆ 8%. ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ ಬೇರೆ ಇದೆ. ಅಂದರೆ ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಮಗಳು ಹಿಂದೆ ಬಿದ್ದಳು ಅಂತ ಕೊರಗಬೇಕಿಲ್ಲ, ಆ ವ್ಯಾಸಂಗ ಪ್ರಮಾಣಪತ್ರಕ್ಕೂ ಬೆಲೆ ಇದೆ. ಕೌನ್ಸೆಲಿಂಗ್ ಹೊತ್ತಿಗೆ ತಾಲೂಕು ಆಫೀಸು, ಬಿಇಒ ಆಫೀಸು ಅಂತ ಓಡಾಡೋ ಬದಲು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಎಲ್ಲಾ ಪತ್ರ ಮಾಡಿಸಿಟ್ಟುಕೊಳ್ಳೋದು ಒಳ್ಳೇದು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರೋ ಕಾಂಬಿನೇಷನ್ ಇಲ್ಲದಿದ್ದರೆ ನೀಟ್ ದಾರಿ ಕಷ್ಟ ಆಗುತ್ತೆ, ಅದನ್ನೂ ಸೇರೋ ಮುಂಚೆ ನೋಡ್ಕೊಳ್ಳಿ.

ಆದರೆ ಇದೆಲ್ಲಾ ಹದಿನೈದು ಹದಿನೇಳರ ಲೆಕ್ಕ. ಮುತ್ತುಲಕ್ಷ್ಮಿ ಮನೆಯಲ್ಲಿ ನಿಜವಾದ ತೀರ್ಮಾನ ಆಗಿದ್ದು ಹದಿಮೂರಕ್ಕೆ. ನಮ್ಮಲ್ಲೂ ಏಳು, ಎಂಟನೇ ಕ್ಲಾಸಿಗೆ ಬಸ್ ಸರಿಯಿಲ್ಲ, ದೊಡ್ಡವಳಾದಳು, ಒಳ್ಳೇ ಸಂಬಂಧ ಬಂದಿದೆ ಅಂತ ಹುಡುಗಿಯರನ್ನ ಶಾಲೆ ಬಿಡಿಸೋದು ಇನ್ನೂ ಪೂರ್ತಿ ನಿಂತಿಲ್ಲ. ಹದಿನೆಂಟು ತುಂಬದ ಹುಡುಗಿ ಮದುವೆ ಅಪರಾಧ. ಪಕ್ಕದ ಮನೆಯಲ್ಲೇ ಅಂಥ ತಯಾರಿ ನಡೀತಿದ್ದರೆ 1098ಕ್ಕೆ ಫೋನ್ ಮಾಡಬಹುದು.

ಎಲ್ಲಾ ಹುಡುಗಿಯರೂ ಡಾಕ್ಟರೇ ಆಗಬೇಕು ಅಂತಿಲ್ಲ. ನರ್ಸಿಂಗ್ ಇರಲಿ, ಬಿ.ಕಾಂ ಇರಲಿ, ಅಂಗಡಿ ವ್ಯಾಪಾರವೇ ಇರಲಿ, ಯಾವುದು ಅಂತ ಆರಿಸ್ಕೊಳ್ಳೋ ವಯಸ್ಸಿನವರೆಗೆ ಅವಳ ಕೈಯಲ್ಲಿ ಪುಸ್ತಕ ಇರಬೇಕು. ಪುದುಕೋಟೆಯ ಆ ತಂದೆ ಮಾಡಿದ್ದು ಅಷ್ಟೇ. ಅದಕ್ಕೆ ಲಕ್ಷಗಟ್ಟಲೆ ಕೋಚಿಂಗ್ ಫೀಸ್ ಏನೂ ಬೇಕಾಗಿಲ್ಲ.