ಗರಡಿಯಿಂದ ಪ್ರಯೋಗಶಾಲೆಗೆ: ಸ್ವಾಮಿ ಕುವಲಯಾನಂದರು

ಕಳೆದ ವರ್ಷದ ಕ್ರೀಡೋತ್ಸವವು ಮುಗಿದ ಮರುದಿನ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು, ಆಟ ಮತ್ತು ಅಂಗಸಾಧನೆಗಳನ್ನೇ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆಯುವುದು ಸಾಧ್ಯವೇ ಎಂದು ಕೇಳಿದನು. ಸಾಧ್ಯವೆಂದು ಹೇಳಿದೆವು. ಆದರೆ ಅವನ ಮನೆಯಲ್ಲಿ ಆ ಮಾತಿಗೆ ನಗೆಯೇ ಉತ್ತರವಾಗಿತ್ತಂತೆ. ಓಡುವುದಕ್ಕೂ ಜಿಗಿಯುವುದಕ್ಕೂ ಪುಸ್ತಕವೇಕೆ, ಅದಕ್ಕಾಗಿ ಮೂರು ವರ್ಷ ದುಡಿಮೆಯನ್ನು ಬಿಟ್ಟು ಹಣ ತೆರುವುದೇಕೆ ಎಂಬುದು ಹಿರಿಯರ ಪ್ರಶ್ನೆ. ಹಗಲಿಡೀ ವಜ್ರದ ಸಾಣೆಯ ಮುಂದೆ ಬೆನ್ನು ಬಾಗಿಸಿ ಕುಳಿತು ಮಕ್ಕಳನ್ನು ಸಾಕುವ ವರಾಛಾದ ತಂದೆತಾಯಿಗಳು ಹೀಗೆ ಕೇಳಿದರೆ ಅದನ್ನು ಅವಿವೇಕವೆನ್ನಲಾಗದು. ನಾವು ಅದಕ್ಕೆ ವಾದದಿಂದ ಉತ್ತರ ಕೊಡಬಯಸುವುದಿಲ್ಲ. ನಮ್ಮ ಸೂರತ್ತಿಗೆ ದೂರವಲ್ಲದ ಊರಿನಲ್ಲಿ ಹುಟ್ಟಿದ ಮಹನೀಯರೊಬ್ಬರ ಜೀವನವನ್ನು ಮುಂದಿಡುತ್ತೇವೆ.

ವಡೋದರಾ ನಗರಕ್ಕೆ ಸಮೀಪದಲ್ಲಿ ಡಭೋಯಿ ಎಂಬ ಪುರಾತನವಾದ ಕೋಟೆಯ ಊರಿದೆ. ಅಲ್ಲಿನ ಹೆಬ್ಬಾಗಿಲೊಂದಕ್ಕೆ ಹೀರಾ ಭಾಗೋಳವೆಂದು ಹೆಸರು. ಹೀರಾ ಎಂದೊಡನೆ ನಮ್ಮ ಮಕ್ಕಳಿಗೆ ವಜ್ರವೇ ನೆನಪಾಗುವುದು ಸಹಜ. ಅಲ್ಲಿಯ ಹೀರಾ ಮಾತ್ರ ಆ ಬಾಗಿಲನ್ನು ಕಟ್ಟಿದ ಶಿಲ್ಪಿಯ ಹೆಸರೆಂದು ಪ್ರತೀತಿ. ಈ ಊರಿನಲ್ಲಿ 1883ನೆಯ ಇಸವಿ ಆಗಸ್ಟ್ 30ರಂದು ಜಗನ್ನಾಥ ಗಣೇಶ ಗುಣೆ ಎಂಬ ಬಾಲಕನು ಜನಿಸಿದನು. ತಂದೆ ಉಪಾಧ್ಯಾಯರು. ಮನೆಯಲ್ಲಿ ಬಡತನ, ಪರರ ನೆರವನ್ನು ಅವಲಂಬಿಸಿ ಜೀವಿಸಿದ ಕಾಲವೂ ಆ ಕುಟುಂಬಕ್ಕೆ ಉಂಟಾಗಿತ್ತು. ಆದರೂ ಹುಡುಗನು ಓದನ್ನು ಬಿಡಲಿಲ್ಲ. 1903ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸಂಸ್ಕೃತದಲ್ಲಿ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಗಳಿಸಿ, ಬರೋಡಾ ಕಾಲೇಜನ್ನು ಸೇರಿದನು. ಆಗ ಆ ಕಾಲೇಜಿನಲ್ಲಿ ಶ್ರೀ ಅರವಿಂದರು ಅಧ್ಯಾಪಕರಾಗಿದ್ದರು. ಅವರ ಮತ್ತು ಲೋಕಮಾನ್ಯ ತಿಲಕರ ಪ್ರಭಾವದಿಂದ ದೇಶಸೇವೆಯೇ ತನ್ನ ಬಾಳಿನ ಗುರಿಯೆಂದು ಯುವಕ ಗುಣೆಯವರು ನಿಶ್ಚಯಿಸಿದರು.

ದೇಶಸೇವೆಗೆ ದೃಢವಾದ ದೇಹವು ಬೇಕು. ಅಂದಿನ ಬರೋಡಾದಲ್ಲಿ ಜುಮ್ಮಾದಾದಾ ವ್ಯಾಯಾಮಶಾಲೆಯು ಬಹು ಪ್ರಸಿದ್ಧವಾಗಿತ್ತು. ಅದರ ಗುರುಗಳು ರಾಜರತ್ನ ಮಾಣಿಕರಾಯರು. 1907ರಿಂದ 1910ರವರೆಗೆ ಗುಣೆಯವರು ಇವರ ಶಿಷ್ಯರಾಗಿ ನಮ್ಮ ದೇಶದ ಅಂಗಸಾಧನೆಯ ಪದ್ಧತಿಯನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಅದೇ ಕಾಲದಲ್ಲಿ ಕಾಲೇಜಿನ ಓದೂ ಸಾಗಿ 1910ರಲ್ಲಿ ಪದವೀಧರರಾದರು. ಗರಡಿಗೆ ಹೋದವನಿಗೆ ವಿದ್ಯೆ ಹತ್ತದು, ವಿದ್ಯೆ ಕಲಿತವನಿಗೆ ಗರಡಿ ಒಗ್ಗದು ಎಂಬ ಲೋಕದ ಮಾತು ಇವರ ವಿಷಯದಲ್ಲಿ ಸುಳ್ಳಾಯಿತು.

ಅನಂತರ ಅವರು ಉಪಾಧ್ಯಾಯ ವೃತ್ತಿಯನ್ನು ಕೈಕೊಂಡರು. ಸೂರತ್ತಿನಿಂದ ಭುಸಾವಳಕ್ಕೆ ಹೋಗುವ ರೈಲುಮಾರ್ಗದಲ್ಲಿ ಅಮಳನೇರವೆಂಬ ಊರು ಸಿಕ್ಕುತ್ತದೆ. ಅಲ್ಲಿಯ ಖಾನದೇಶ ಶಿಕ್ಷಣ ಸಂಸ್ಥೆಯಲ್ಲಿ ಪಾಠ ಹೇಳಿ, 1920ರಲ್ಲಿ ರಾಷ್ಟ್ರೀಯ ಕಾಲೇಜಿನ ಪ್ರಾಂಶುಪಾಲರಾದರು. ಈ ನಡುವೆ 1919ರಲ್ಲಿ, ನರ್ಮದಾ ತೀರದ ಮಾಲಸರದಲ್ಲಿದ್ದ ಪರಮಹಂಸ ಮಾಧವದಾಸಜೀ ಅವರ ದರ್ಶನವಾಯಿತು. ಆ ವೃದ್ಧ ಯೋಗಿಗಳಿಂದ ಗುಣೆಯವರು ಯೋಗಸಾಧನೆಯನ್ನು ಕಲಿತರು. ಗುರುವಿನಲ್ಲಿ ಅವರಿಗಿದ್ದ ಭಕ್ತಿಯು ಅಪಾರವಾದುದು. ಆದರೆ ಗುರುವು ಹೇಳಿದುದರಿಂದ ತಾನು ನಂಬಿದರೆ ಸಾಲದು, ನಂಬದವನಿಗೂ ಅದನ್ನು ತೋರಿಸಿಕೊಡಬೇಕು ಎಂಬ ಹಂಬಲವೂ ಅವರಲ್ಲಿ ಮೂಡಿತು.

1920 ಮತ್ತು 1921ರಲ್ಲಿ ಅವರು ತಮ್ಮ ಕೆಲವು ವಿದ್ಯಾರ್ಥಿಗಳ ನೆರವಿನಿಂದ ಬರೋಡಾದ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಉಡ್ಡಿಯಾನ ಮತ್ತು ನೌಲಿ ಎಂಬ ಕ್ರಿಯೆಗಳನ್ನು ಪರೀಕ್ಷಿಸಿದರು. ಉಸಿರನ್ನು ಪೂರ್ಣವಾಗಿ ಹೊರಗೆ ಬಿಟ್ಟು, ಹೊಟ್ಟೆಯನ್ನು ಒಳಕ್ಕೆ ಸೆಳೆದುಕೊಂಡು, ನಡುವಿನ ಸ್ನಾಯುಗಳನ್ನು ಮಾತ್ರ ಮುಂದಕ್ಕೆ ತರುವುದೇ ನೌಲಿ. ಯೋಗಿಗಳು ಇದರ ಬಲದಿಂದ ಕರುಳಿನೊಳಕ್ಕೆ ನೀರನ್ನು ಸೆಳೆದುಕೊಳ್ಳುತ್ತಿದ್ದರು. ಅದು ಹೇಗೆ ಸಾಧ್ಯ? ಕ್ಷಕಿರಣದ ಮುಂದೆ ಸಾಧಕರನ್ನು ನಿಲ್ಲಿಸಿ ನೋಡಲಾಯಿತು. ಮುಂದೆ ಒತ್ತಡವನ್ನು ಅಳೆಯುವ ಉಪಕರಣದಿಂದಲೂ ಪರೀಕ್ಷಿಸಲಾಯಿತು. ನೌಲಿಯ ಸಮಯದಲ್ಲಿ ಕರುಳಿನೊಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುವುದು ಕಂಡುಬಂದಿತು. ನೀವು ಕೊಳವೆಯಿಂದ ಎಳನೀರನ್ನು ಹೀರುವಾಗ ನಡೆಯುವುದೂ ಇದೇ ನಿಯಮ. ಪವಾಡವೆಂದು ತೋರುತ್ತಿದ್ದುದು ಅಳತೆಗೆ ಸಿಕ್ಕಿತು. ಈ ನಿರ್ವಾತಕ್ಕೆ ಅವರು ತಮ್ಮ ಗುರುಗಳ ಹೆಸರನ್ನೇ ಇಟ್ಟರು. ಈ ಕ್ರಿಯೆಯನ್ನು ಬಲ್ಲ ಗುರುವಿಲ್ಲದೆ ನೀವು ಮಾಡಿ ನೋಡಬಾರದೆಂದು ಇಲ್ಲಿಯೇ ಎಚ್ಚರಿಸುತ್ತೇವೆ.

ಬ್ರಿಟಿಷ್ ಸರ್ಕಾರವು ಅಮಳನೇರದ ರಾಷ್ಟ್ರೀಯ ಕಾಲೇಜನ್ನು ಮುಚ್ಚಿಸಿತು. ಬೇರೊಬ್ಬರಾಗಿದ್ದರೆ ಧೈರ್ಯಗೆಡುತ್ತಿದ್ದರು. ಕುವಲಯಾನಂದರೆಂಬ ಹೆಸರಿನಿಂದ ಪ್ರಸಿದ್ಧರಾದ ಗುಣೆಯವರು 1924ರ ಅಕ್ಟೋಬರ್ ತಿಂಗಳಲ್ಲಿ ಮುಂಬಯಿ ಮತ್ತು ಪುಣೆಗಳ ನಡುವಣ ಗಿರಿಪ್ರದೇಶವಾದ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದರು. ಅದೇ ವರ್ಷ ಯೋಗಮೀಮಾಂಸಾ ಎಂಬ ಪತ್ರಿಕೆಯನ್ನು ಆರಂಭಿಸಿ, ತಮ್ಮ ಪರೀಕ್ಷೆಗಳ ವಿವರಗಳನ್ನು ಚಿತ್ರಸಮೇತವಾಗಿ ಪ್ರಕಟಿಸತೊಡಗಿದರು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಪ್ರಾಣಾಯಾಮ ಮಾಡಿದರೆ ದೇಹಕ್ಕೆ ಆಮ್ಲಜನಕವು ಹೆಚ್ಚಾಗಿ ದೊರೆಯುತ್ತದೆಂದು ಎಲ್ಲರೂ ನಂಬಿದ್ದರು. ಸ್ವಾಮಿಗಳು ಒಳಹೊಕ್ಕ ಮತ್ತು ಹೊರಬಂದ ಗಾಳಿಯನ್ನು ಪರೀಕ್ಷಿಸಿ ನೋಡಿದರು. ಸಾಧಾರಣ ಉಸಿರಾಟಕ್ಕಿಂತ ಹೆಚ್ಚು ಆಮ್ಲಜನಕವು ದೊರೆಯುವುದಿಲ್ಲವೆಂದೂ ಪ್ರಾಣಾಯಾಮದ ಬೆಲೆಯನ್ನು ಬೇರೆಡೆಯಲ್ಲಿ ಹುಡುಕಬೇಕೆಂದೂ ಕಂಡುಬಂದಿತು. ಯೋಗದಲ್ಲಿ ಪೂರ್ಣಶ್ರದ್ಧೆಯುಳ್ಳವರೇ ಆದರೂ ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ತಾನು ಪ್ರೀತಿಸುವ ವಿಷಯದಲ್ಲಿಯೂ ಸತ್ಯಕ್ಕೆ ಬಾಗುವುದೇ ವಿದ್ಯೆಯ ಲಕ್ಷಣವಲ್ಲವೇ?

ಲೋನಾವಳದ ಕೀರ್ತಿಯು ಹಬ್ಬಿತು. ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದಿಂದ ಕೋವೂರ್ ಬೆಹನಾನ್ ಎಂಬ ವಿದ್ವಾಂಸರು ಬಂದು ಅಭ್ಯಾಸ ಮಾಡಿ, 1937ರಲ್ಲಿ ಯೋಗವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಜನಿಸಿ, ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ಟಿ. ಕೃಷ್ಣಮಾಚಾರ್ಯರು 1934ರಲ್ಲಿ ಅಲ್ಲಿಗೆ ಹೋಗಿ ಆ ಕಾರ್ಯವನ್ನು ಕಂಡು ಬಂದರು.

ಸ್ವಾಮಿಗಳ ದೃಷ್ಟಿಯು ಆಶ್ರಮಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಶಾಲೆಯ ಮಕ್ಕಳ ಮೇಲೂ ಇದ್ದಿತು. ಸೂರತ್, ಧಾರವಾಡ, ಬೆಳಗಾವಿ, ವಿಜಯಪುರಗಳೆಲ್ಲವೂ ಅಂದು ಒಂದೇ ಮುಂಬಯಿ ಪ್ರಾಂತದಲ್ಲಿದ್ದುವು. ಆ ಪ್ರಾಂತದ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಣವನ್ನು ರೂಪಿಸುವ ಸರ್ಕಾರಿ ಸಮಿತಿಗಳಲ್ಲಿ ಅವರು ಪ್ರಮುಖರಾಗಿ ದುಡಿದರು. ನೂರು ಮಕ್ಕಳು ಸಾಲಾಗಿ ನಿಂತು ಒಟ್ಟಿಗೆ ಮಾಡಬಹುದಾದ ಪಾಠಕ್ರಮಗಳನ್ನು ರಚಿಸಿದರು. 1938ರಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿಗಾಗಿ ಮುಂಬಯಿಯ ಕಾಂದಿವಲಿಯಲ್ಲಿ ಸಂಸ್ಥೆಯೊಂದು ಆರಂಭವಾಯಿತು. ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿಯೇ ಇಂಥ ಕಾರ್ಯಕ್ಕೆ ಅಡಿಗಲ್ಲು ಹಾಕಿದ್ದರು. ಸ್ವತಂತ್ರ ಭಾರತದಲ್ಲಿ, 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು ಸ್ಥಾಪಿತವಾಗಿ, ವ್ಯಾಯಾಮ ಶಿಕ್ಷಣವು ಮೂರು ವರ್ಷಗಳ ಪದವಿಯ ವಿಷಯವಾಯಿತು. ಇದನ್ನೆಲ್ಲ ಕಂಡು, 1966ರ ಏಪ್ರಿಲ್ 18ರಂದು ಸ್ವಾಮಿ ಕುವಲಯಾನಂದರು ದೇಹವನ್ನು ಬಿಟ್ಟರು.

ವಿದ್ಯಾರ್ಥಿ ಮಿತ್ರರೇ, 2011ರಲ್ಲಿ ಗುಜರಾತ್ ರಾಜ್ಯವು ಕ್ರೀಡೆಗಾಗಿಯೇ ಸ್ವರ್ಣಿಮ್ ಗುಜರಾತ್ ಕ್ರೀಡಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಇಂಥ ಶಿಕ್ಷಣವನ್ನು ಬಯಸುವವನು ಓಟದ ಜೊತೆಗೆ ಮೂಳೆ, ಸ್ನಾಯು, ಹೃದಯಗಳ ರಚನೆಯನ್ನು ಕಲಿಯಬೇಕು. ಆಹಾರದ ಗುಣವನ್ನು ತಿಳಿಯಬೇಕು. ಮೈದಾನವನ್ನು ಕಾಪಾಡುವ, ಪಂದ್ಯಗಳನ್ನು ನಡೆಸುವ, ಲೆಕ್ಕಪತ್ರಗಳನ್ನು ಇಡುವ ಬಗೆಯನ್ನೂ ಅರಿಯಬೇಕು. ಇದು ಓದಿನಿಂದ ತಪ್ಪಿಸಿಕೊಳ್ಳುವವರ ಹಾದಿಯಲ್ಲ. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ಯುಲೇಷನ್ ಮುಗಿಸಿ ಪರನಾಡಿಗೆ ಬಂದ ನಮಗೆ ಇಂಥ ಹಾದಿಯೊಂದು ಇದೆಯೆಂದು ಹೇಳುವವರೂ ಇರಲಿಲ್ಲ.

ನಮ್ಮನ್ನು ಪ್ರಶ್ನಿಸಿದ ಹುಡುಗನಿಗೆ ನಾವು ಒಂದೇ ಕೆಲಸವನ್ನು ಕೊಟ್ಟೆವು. ಸಾಣೆಯ ಕೆಲಸದಿಂದ ಮನೆಗೆ ಬಂದ ತಂದೆಯ ಬೆನ್ನುನೋವು ಯಾವ ಸ್ನಾಯುವಿನಲ್ಲಿ, ಏತರಿಂದ ಬರುತ್ತದೆಂಬುದನ್ನು ವಿಜ್ಞಾನದ ಪುಸ್ತಕದಲ್ಲಿ ಹುಡುಕಿ, ತಂದೆಗೇ ವಿವರಿಸಬೇಕೆಂದು ಹೇಳಿದೆವು. ಅವನು ಹುಡುಕಿದನು; ವಿವರಿಸಿದನು. ಆ ಮನೆಯಲ್ಲಿ ಈಗ ಯಾರೂ ನಗುತ್ತಿಲ್ಲವೆಂದು ಕೇಳಿ ನಮಗೆ ಸಂತೋಷವಾಯಿತು.