ಬೇರ್ಡ್‌ನ ಅರ್ಧ ಗಂಟೆ

ನಮ್ಮ ಸಂಘದ ನಾಟಕಗಳಲ್ಲಿ ನನಗೆ ಸಿಗೋದು ಯಾವಾಗಲೂ ಪ್ರಾಂಪ್ಟರ್ ಕೆಲಸವೇ. ತೆರೆ ಬಿದ್ದ ಮೇಲೆ ಖಾಲಿ ಕುರ್ಚಿಗಳನ್ನು ನೋಡಿದಾಗ, ಇಷ್ಟು ಹೊತ್ತು ನಡೆದದ್ದೆಲ್ಲ ಎಲ್ಲಿ ಹೋಯ್ತು ಅಂತ ಅನ್ನಿಸುತ್ತೆ. ಜಾನ್ ಲೋಗಿ ಬೇರ್ಡ್ ನನಗೆ ಹತ್ತಿರದವನಾದದ್ದು ಹೀಗೆ.

1888ರಲ್ಲಿ ಸ್ಕಾಟ್‌ಲೆಂಡಿನ ಹೆಲೆನ್ಸ್‌ಬರೋದಲ್ಲಿ ಹುಟ್ಟಿದ ಈ ಪಾದ್ರಿಯ ಮಗ ಜನ್ಮವಿಡೀ ಕಾಯಿಲೆಯ ಮನುಷ್ಯ. ಕಾಲುಚೀಲ ಮಾರಿದ, ಟ್ರಿನಿಡಾಡಿಗೆ ಹೋಗಿ ಜಾಮ್ ಮಾಡಿದ, ಯಾವುದೂ ನಿಲ್ಲಲಿಲ್ಲ. 1923ರಲ್ಲಿ ಹೇಸ್ಟಿಂಗ್ಸ್‌ನಲ್ಲಿ ಚಹಾ ಪೆಟ್ಟಿಗೆ, ಟೋಪಿ ಡಬ್ಬ, ಸೈಕಲ್ ದೀಪದ ಗಾಜು, ದಬ್ಬಣ ಎಲ್ಲ ಸೇರಿಸಿ ಟೆಲಿವಿಷನ್ ಕಟ್ಟೋಕೆ ಕೂತ. 1925ರ ಅಕ್ಟೋಬರ್ 2ರಂದು ಲಂಡನ್ನಿನ ಸೋಹೋದ ಮಾಳಿಗೆಯಲ್ಲಿ ಒಂದು ಗೊಂಬೆಯ ಮುಖ ಮೂಡಿತು. ಓಡಿಹೋಗಿ ಕೆಳಗಿನ ಆಫೀಸಿನ ಹುಡುಗನನ್ನು ಕರೆತಂದ. ದೀಪದ ಕಾವಿಗೆ ಹುಡುಗ ಎದ್ದುಬಿಟ್ಟ. ಕೈಗೆ ಅರ್ಧ ಕ್ರೌನ್ ಇಟ್ಟು ಮತ್ತೆ ಕೂರಿಸಬೇಕಾಯ್ತು. (ನಮ್ಮ ಮುಂಬಯಿಗೆ ಟೀವಿ ಬಂದದ್ದೂ ಅಕ್ಟೋಬರ್ 2ರಂದೇ, 1972ರಲ್ಲಿ!)

1930ರ ಜುಲೈ 14ರಂದು ಬಿಬಿಸಿ ಜೊತೆ ಸೇರಿ, ಲಾಂಗ್ ಏಕರ್‌ನ ತನ್ನ ಸ್ಟುಡಿಯೋದಿಂದ ಒಂದು ನಾಟಕವನ್ನೇ ಬಿತ್ತರಿಸಿದ. ಇಟಲಿಯ ಪಿರಾಂಡೆಲ್ಲೋ ಬರೆದದ್ದು. ಬಾಯಲ್ಲಿ ಹೂವಿಟ್ಟುಕೊಂಡವನ ಕಥೆ. ಆ ಹೂವು ಅಂದರೆ ಅವನನ್ನು ಕೊಲ್ಲುತ್ತಿರುವ ಗಡ್ಡೆ. ರೈಲು ತಪ್ಪಿಸಿಕೊಂಡ ಒಬ್ಬನ ಜೊತೆ ರಾತ್ರಿ ಹೋಟೆಲಿನಲ್ಲಿ ಮಾತಾಡ್ತಾನೆ, ಅಷ್ಟೆ. ಬೇರ್ಡ್‌ನ ಯಂತ್ರಕ್ಕೂ ಅದೇ ಸರಿ: ಬರೀ 30 ಗೆರೆಯ ಚಿತ್ರ, ಸೆಕೆಂಡಿಗೆ ಹನ್ನೆರಡೂವರೆ. ಒಂದು ಸಲಕ್ಕೆ ಒಂದೇ ಮುಖ ಹಿಡಿಸುತ್ತಿತ್ತು. ನಟ ಬದಲಾಗಬೇಕಾದರೆ ಹಲಗೆ ಅಡ್ಡ ತರಬೇಕು, ಒಬ್ಬ ಜಾರಿಕೊಳ್ಳಬೇಕು, ಇನ್ನೊಬ್ಬ ಕೂರಬೇಕು. ಆ ಹಲಗೆ ಹಿಡಿದವನೇ ನನ್ನ ಜಾತಿಯವನು ಅನ್ನಿ! ಪ್ರಧಾನಿ ಮ್ಯಾಕ್‌ಡೊನಾಲ್ಡ್ ತಮ್ಮ ಮನೆಯಲ್ಲೇ ನೋಡಿದರು. ಸುಮಾರು ಅರ್ಧ ಗಂಟೆ; ಮುಗೀತು. ಏನೂ ಉಳಿಯಲಿಲ್ಲ.

ನನಗೆ ಸಂಕಟವಾಗೋದು ಇಲ್ಲೇ. ಚಿತ್ರವನ್ನು ಗ್ರಾಮಫೋನ್ ತಟ್ಟೆಯ ಮೇಲೆ ಕೊರೆಯೋದನ್ನ 1927ರಲ್ಲೇ ಮಾಡಿ ನೋಡಿದ್ದವನು ಇವನು. ಗೊಂಬೆಯ ಮುಖ ತಟ್ಟೆಯಲ್ಲಿ ಉಳಿದಿದೆ, ನಾಟಕ ಇಲ್ಲ.

ಆಮೇಲೆ 1936ರ ನವೆಂಬರ್ 30ರ ಬೆಂಕಿಯಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಜೊತೆ ಅವನ ಪ್ರಯೋಗಶಾಲೆಯೂ ಸುಟ್ಟಿತು. 1937ರಲ್ಲಿ ಬಿಬಿಸಿ ಎದುರಾಳಿಯ 405 ಗೆರೆಯ ಯಂತ್ರವನ್ನು ಆರಿಸಿಕೊಂಡಿತು. ಯುದ್ಧದಲ್ಲಿ ನಿಂತಿದ್ದ ಟೀವಿ 1946ರ ಜೂನ್ 7ರಂದು ಮತ್ತೆ ಶುರುವಾಯ್ತು. 14ರಂದು ಬೇರ್ಡ್ ತೀರಿಕೊಂಡ.

ನಾಟಕ ಆಡಿಸಿದ್ದ ಸೀವ್‌ಕಿಂಗ್ 1967ರಲ್ಲಿ ಅದೇ ರಂಗಚಿತ್ರಗಳು, ಅದೇ ಹಾಡಿನ ತಟ್ಟೆ ಇಟ್ಟುಕೊಂಡು 30 ಗೆರೆಯಲ್ಲೇ ಮತ್ತೊಮ್ಮೆ ಆಡಿಸಿದ. ನಟರು ಮಾತ್ರ ಬೇರೆಯವರು.