ಸಿಡಿಲಿಗೆ ದಾರಿ ತೋರಿದ ಫ್ರಾಂಕ್ಲಿನ್

ಮಳೆಗಾಲಕ್ಕೆ ಮೊದಲು ಮತ್ತು ತುಲಾಮಾಸದಲ್ಲಿ ನಮ್ಮ ಊರುಗಳಲ್ಲಿ ಗುಡುಗು ಸಿಡಿಲುಗಳ ಆರ್ಭಟ ಹೆಚ್ಚು. ಎತ್ತರದ ಕಟ್ಟಡಗಳ ತುದಿಯಲ್ಲಿ ಮೊನಚಾದ ಲೋಹದ ಸಲಾಕೆಯನ್ನು ನಾವೆಲ್ಲರೂ ನೋಡಿದ್ದೇವೆ. ಅದರಿಂದ ಇಳಿದ ಪಟ್ಟಿಯು ನೆಲದೊಳಗೆ ಹೋಗಿ ಮರೆಯಾಗುತ್ತದೆ. ಹೀಗೆ ಸಿಡಿಲಿಗೆ ಭೂಮಿಯವರೆಗೆ ದಾರಿ ಮಾಡಿಕೊಡುವ ಉಪಾಯವನ್ನು ಜಗತ್ತಿಗೆ ತಿಳಿಸಿದವನು ಬೆಂಜಮಿನ್ ಫ್ರಾಂಕ್ಲಿನ್.

ಫ್ರಾಂಕ್ಲಿನ್ನನು 1706ನೆಯ ಜನವರಿ 17ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಜನಿಸಿದನು. ತಂದೆ ಮೇಣದ ಬತ್ತಿ ಮತ್ತು ಸಾಬೂನು ತಯಾರಿಸುವವನು. ಮನೆ ತುಂಬ ಮಕ್ಕಳು. ಆದುದರಿಂದ ಬಾಲಕನ ಶಾಲೆ ಹತ್ತನೆಯ ವಯಸ್ಸಿಗೇ ಮುಗಿಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದನು. ಪುಸ್ತಕಗಳನ್ನು ಎರವಲು ತಂದು ರಾತ್ರಿಯೆಲ್ಲ ಓದಿದನು. 1723ರಲ್ಲಿ ಅಣ್ಣನೊಡನೆ ಮನಸ್ತಾಪವಾಗಿ ಫಿಲಡೆಲ್ಫಿಯಾಕ್ಕೆ ಓಡಿಹೋದನು. ಅಲ್ಲಿ ಸ್ವಂತ ಮುದ್ರಣಾಲಯ ನಡೆಸಿದನು. 1731ರಲ್ಲಿ ಗೆಳೆಯರೊಡನೆ ಚಂದಾದಾರರ ಗ್ರಂಥಾಲಯವೊಂದನ್ನು ಸ್ಥಾಪಿಸಿದನು.

ನಲವತ್ತು ವರ್ಷ ದಾಟಿದ ಮೇಲೆ ಅವನ ಮನಸ್ಸು ವಿದ್ಯುತ್ತಿನ ಕಡೆಗೆ ಹರಿಯಿತು. ಉಜ್ಜಿದ ಗಾಜಿನಿಂದ ಹಾರುವ ಕಿಡಿಯೂ ಮೋಡದ ಮಿಂಚೂ ಒಂದೇ ಇರಬಹುದೆಂದು ಅವನು ಊಹಿಸಿ, ಪರೀಕ್ಷಿಸುವ ಬಗೆಯನ್ನೂ ಬರೆದನು. 1752ರ ಮೇ ತಿಂಗಳಿನಲ್ಲಿ ಫ್ರಾನ್ಸಿನವರು ಅದರಂತೆ ಸಲಾಕೆ ನಿಲ್ಲಿಸಿ ಮೋಡದಿಂದ ಕಿಡಿ ಪಡೆದರು. ಅದೇ ವರ್ಷ ಫ್ರಾಂಕ್ಲಿನ್ನನು ಗಾಳಿಪಟದ ಪ್ರಯೋಗವನ್ನು ನಡೆಸಿದನು. ಅದು ಪ್ರಾಣಕ್ಕೆ ಅಪಾಯಕರ, ಯಾರೂ ಅನುಕರಿಸತಕ್ಕದ್ದಲ್ಲ.

ಅಪಾಯವೆಷ್ಟೆಂಬುದು ಮರುವರ್ಷವೇ ತಿಳಿಯಿತು. 1753ರ ಆಗಸ್ಟಿನಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ವಿಜ್ಞಾನಿ ಇಂತಹುದೇ ಪ್ರಯೋಗದಲ್ಲಿ ಸಿಡಿಲು ಬಡಿದು ಮಡಿದನು. ಅವನ ಮನೆಯ ಮೇಲೆ ಸಲಾಕೆ ಇತ್ತು, ಕೋಣೆಗೆ ತಂತಿಯೂ ಬಂದಿತ್ತು; ಆದರೆ ಅದಕ್ಕೆ ಭೂಸಂಪರ್ಕವಿರಲಿಲ್ಲ. ನೆಲಕ್ಕೆ ದಾರಿ ಕಾಣದ ವಿದ್ಯುತ್ತು ಹತ್ತಿರ ನಿಂತಿದ್ದ ಮನುಷ್ಯನನ್ನೇ ದಾರಿ ಮಾಡಿಕೊಂಡಿತು.

ಫ್ರಾಂಕ್ಲಿನ್ನನಾದರೋ ತನ್ನ 1753ರ ಪಂಚಾಂಗದಲ್ಲಿ ಜನರಿಗೆ ಸ್ಪಷ್ಟವಾಗಿ ತಿಳಿಸಿದ್ದನು: ಸಲಾಕೆಯ ಕೆಳತುದಿಯು ತೇವವುಳ್ಳ ಮಣ್ಣಿನಲ್ಲಿ ಮೂರು ನಾಲ್ಕು ಅಡಿ ಇಳಿದಿರಬೇಕು, ಮೇಲ್ತುದಿಯು ಕಟ್ಟಡಕ್ಕಿಂತ ಆರೆಂಟು ಅಡಿ ಎತ್ತರವಿರಬೇಕು. ಒಣಮಣ್ಣಿಗಿಂತ ಒದ್ದೆಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಯ್ಯುತ್ತದೆ. ಈ ಉಪಾಯಕ್ಕೆ ಅವನು ಪೇಟೆಂಟ್ ಪಡೆಯಲಿಲ್ಲ. ಎಲ್ಲರ ಉಪಯೋಗಕ್ಕೆ ಬಿಟ್ಟುಕೊಟ್ಟನು.

ಮುಂದೆ ಅವನು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಹಾಕಿದನು. ಹಿಂದೆ ಮನೆಯಲ್ಲಿ ಗುಲಾಮರನ್ನಿಟ್ಟುಕೊಂಡಿದ್ದವನು ಮುಪ್ಪಿನಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ಶ್ರಮಿಸಿದನು. 1790ನೆಯ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇಂದು ನಮ್ಮ ಮನೆಗಳ ಅರ್ಥಿಂಗಿನಲ್ಲೂ ಭೂಮಿಗೆ ದಾರಿ ಕೊಡುವ ತತ್ತ್ವವೇ ಇದೆ. ಇಸ್ತ್ರಿಪೆಟ್ಟಿಗೆಯ ಲೋಹಕ್ಕೆ ಕರೆಂಟು ತಗಲಿದರೆ ಅದು ಅರ್ಥ್ ತಂತಿಯ ಮೂಲಕ ಹರಿಯುತ್ತದೆ, ಫ್ಯೂಸ್ ಸುಟ್ಟು ಕರೆಂಟು ನಿಲ್ಲುತ್ತದೆ, ಮುಟ್ಟಿದವರು ಉಳಿಯುತ್ತಾರೆ. ಆದರೆ ಮನೆಯ ಅರ್ಥಿಂಗ್ ಮಾತ್ರದಿಂದ ಸಿಡಿಲಿನ ಭಯ ತಪ್ಪುವುದಿಲ್ಲ. ಅದಕ್ಕೆ ಪ್ರತ್ಯೇಕ ಸಲಾಕೆ ಬೇಕು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ನಾವು ಎಂದೂ ಮುರಿಯದಿರೋಣ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹೊಯ್ಯಲು ಮರೆಯದಿರೋಣ.